ನೀರಿಳಿದ ಕೆರೆಯಂಗಳದಲ್ಲಿ ಓಡಾಡುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಮಳೆ ಕೈಕೊಟ್ಟು ಕೆರೆ, ಜಲಾಶಯಗಳ ನೀರು ಕೆಳಗಿಳಿದಾಗಲೆಲ್ಲ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಒಳಗೆ ಇಳಿದು ನೋಡಬಹುದಾ? ಕಾಲು ಹೂತುಕೊಳ್ಳುತ್ತದಾ? ಹಳೇ ಮಡಕೆ ಚೂರೋ ನಾಣ್ಯವೋ ಸಿಕ್ಕರೆ ತರಬಹುದಾ? ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಹೇಳುತ್ತಿದ್ದೇನೆ.

ಚುಟುಕಾಗಿ ಉತ್ತರ ಬೇಕಾದವರಿಗೆ: ಇಳಿಯಬಹುದು, ಆದರೆ ಗಟ್ಟಿ ನೆಲ ಇರುವಷ್ಟು ದೂರ ಮಾತ್ರ. ನೋಡಬಹುದು, ಫೋಟೋ ತೆಗೆಯಬಹುದು, ಬರೆದಿಟ್ಟುಕೊಳ್ಳಬಹುದು. ಏನನ್ನೂ ತರಬಾರದು. ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಕೆಲವು ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯಂಗಳ ಅಂದರೆ ನೀರು ತುಂಬಿದಾಗ ಮುಳುಗಿರುವ ತಳದ ನೆಲ. ಹೂಳು ಅಂದರೆ ಹರಿದು ಬಂದ ನೀರಿನ ಜೊತೆ ಬಂದು ತಳದಲ್ಲಿ ಕೂತ ನುಣುಪು ಮಣ್ಣು. ಒಳಹರಿವು ಅಂದರೆ ಮೇಲಿನಿಂದ ಬಂದು ಸೇರುವ ನೀರು. ಹುದುಲು ಅಂದರೆ ಮೇಲೆ ನೆಲದ ಹಾಗೆ ಕಂಡು, ಕಾಲಿಟ್ಟರೆ ಕುಸಿಯುವ ಕೆಸರು.

ಹಂತ 1: ಇದು ಎಂಥ ನೀರು ಅಂತ ತಿಳಿದುಕೊಳ್ಳಿ

ತಾನಾಗಿ ಆದ ಸರೋವರ ಸಾಮಾನ್ಯವಾಗಿ ನಿಧಾನವಾಗಿ ಇಳಿಯುತ್ತದೆ, ನಿಧಾನವಾಗಿ ತುಂಬುತ್ತದೆ. ಅಣೆಕಟ್ಟಿನ ಹಿಂದಿನ ಜಲಾಶಯ ಹಾಗಲ್ಲ. ಅಲ್ಲಿ ನೀರಿನ ಮಟ್ಟ ಮನುಷ್ಯರ ಕೈಯಲ್ಲಿದೆ. ಮೇಲಿನ ಇನ್ನೊಂದು ಅಣೆಕಟ್ಟಿನಿಂದ ನೀರು ಬಿಟ್ಟರೆ ಕೆಳಗಿನ ಜಲಾಶಯ ಒಂದೇ ದಿನದಲ್ಲಿ ಏರಬಹುದು. ಹೋಗುವ ಮೊದಲು ಹಿಂದಿನ ಹತ್ತು ಹದಿನೈದು ದಿನಗಳ ಮಟ್ಟ ನೋಡಿ. ಹೆಚ್ಚಿನ ದೊಡ್ಡ ಜಲಾಶಯಗಳ ದಿನದಿನದ ಮಟ್ಟವನ್ನು ಅವುಗಳ ಆಡಳಿತ ಪ್ರಕಟಿಸುತ್ತದೆ. ಮಟ್ಟ ಏರುತ್ತಿದ್ದರೆ ಹೋಗಬೇಡಿ. ಇಳಿಯುತ್ತಿದ್ದರೆ ಅಥವಾ ನಿಂತಲ್ಲೇ ನಿಂತಿದ್ದರೆ ಮಾತ್ರ ಮುಂದಿನ ಹಂತ.

ಒಂದು ಬಗೆಯ ಜಲಾಶಯದಿಂದ ಪೂರ್ತಿ ದೂರ ಇರಿ: ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಯವು. ಕರೆಂಟು ಮಿಗುವ ಹೊತ್ತಿನಲ್ಲಿ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಎತ್ತಿ, ಬೇಡಿಕೆ ಏರಿದಾಗ ಅದೇ ನೀರನ್ನು ಟರ್ಬೈನಿನ ಮೂಲಕ ಕೆಳಗೆ ಬಿಡುತ್ತಾರೆ. ಅಲ್ಲಿ ನೀರು ಕೆಲವೇ ಗಂಟೆಗಳಲ್ಲಿ ಮೀಟರುಗಟ್ಟಲೆ ಏರಿಳಿಯಬಹುದು. ಬೆಳಿಗ್ಗೆ ನೀವು ನಡೆದ ನೆಲ ಸಂಜೆಗೆ ಇರುವುದಿಲ್ಲ.

ಇನ್ನೊಂದು ಲೆಕ್ಕ ತಲೆಯಲ್ಲಿರಲಿ. ಕೆರೆಯಂಗಳ ತುಂಬ ಚಪ್ಪಟೆ. ಒಂದು ಸಾವಿರ ಮೀಟರಿಗೆ ಒಂದು ಮೀಟರ್ ಇಳಿಜಾರು ಇರುವ ಕಡೆ ನೀರು ಬರೀ 10 ಸೆಂಟಿಮೀಟರ್ ಏರಿದರೂ 100 ಮೀಟರ್ ನೆಲ ಮುಳುಗುತ್ತದೆ. ಅದೂ ಒಂದೇ ಕಡೆಯಿಂದ ಬರುವುದಿಲ್ಲ. ಹಳೇ ಹೊಳೆಯ ಪಾತ್ರ ಮೊದಲು ತುಂಬುತ್ತದೆ. ನೀವು ಆ ಪಾತ್ರ ದಾಟಿ ಆಚೆ ಹೋಗಿದ್ದರೆ, ಮುಂದಿನ ನೀರು ನೋಡುತ್ತಾ ನಿಂತಿರುವಾಗ ಹಿಂದಿನ ದಾರಿ ಮುಚ್ಚಿಹೋಗಿರುತ್ತದೆ. ನಿಮ್ಮ ತಲೆ ಮೇಲೆ ಮೋಡವೇ ಇಲ್ಲದಿದ್ದರೂ ಮೇಲಿನ ಬೆಟ್ಟದಲ್ಲಿ ಮಳೆಯಾಗಿದ್ದರೆ ಸಾಕು.

ಅನುಮತಿಯ ವಿಷಯ: ನೀರು ಹೋದ ಮಾತ್ರಕ್ಕೆ ಆ ನೆಲ ಯಾರದ್ದೂ ಅಲ್ಲ ಅಂತಾಗುವುದಿಲ್ಲ. ಕುಡಿಯುವ ನೀರಿನ ಜಲಾಶಯ, ಅಣೆಕಟ್ಟಿನ ಹತ್ತಿರದ ಜಾಗ, ಕಾಡಿನೊಳಗಿನ ಹಿನ್ನೀರು ಇಲ್ಲೆಲ್ಲ ಸಾಮಾನ್ಯವಾಗಿ ನಿರ್ಬಂಧ ಇರುತ್ತದೆ. ಕೇಳಿಯೇ ಹೋಗಿ.

ಹಂತ 2: ಹೊರಡುವ ಮೊದಲು ನಕ್ಷೆ ಮಾಡಿಕೊಳ್ಳಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ನನ್ನ ಮಟ್ಟಿಗೆ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಭೂಮಿಯ ಫೋಟೋ ತೆಗೆಯುವ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಎಲ್ಲರಿಗೂ ಉಚಿತ. ಹೆಚ್ಚೂಕಮ್ಮಿ ಐದು ದಿನಕ್ಕೊಮ್ಮೆ ಅದೇ ಜಾಗದ ಹೊಸ ಚಿತ್ರ ಸಿಗುತ್ತದೆ. ಚಿತ್ರದ ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್. ಮೋಡ ಇಲ್ಲದ ದಿನಗಳ ಚಿತ್ರಗಳನ್ನು ತಿಂಗಳಿಗೆ ಒಂದರ ಹಾಗೆ ಆರಿಸಿ, ಒಂದರ ಪಕ್ಕ ಒಂದು ಇಟ್ಟು ನೋಡಿ. ಯಾವ ಜಾಗ ಮೂರು ತಿಂಗಳ ಹಿಂದೆಯೇ ನೀರಿನಿಂದ ಹೊರಬಂತು, ಯಾವುದು ಹೋದ ವಾರ ಹೊರಬಂತು ಎನ್ನುವುದು ಕಾಣುತ್ತದೆ. ಇದೇ ನಿಮ್ಮ ಸುರಕ್ಷತೆಯ ನಕ್ಷೆ. ಹೊರಬಂದು ಜಾಸ್ತಿ ದಿನ ಆದಷ್ಟೂ ನೆಲ ಒಣಗಿ ಗಟ್ಟಿಯಾಗಿರುವ ಸಂಭವ ಜಾಸ್ತಿ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳಿವೆ, 1972ರಿಂದ ಶುರುವಾದವು. ಅದಕ್ಕೂ ಮೊದಲಿನ ಕೊರೋನಾ ಎಂಬ ಅಮೆರಿಕದ ಬೇಹುಗಾರಿಕೆ ಉಪಗ್ರಹಗಳ ಚಿತ್ರಗಳು 1995ರಲ್ಲಿ ಬಹಿರಂಗವಾದವು. ಅವು 1960ರಿಂದ 1972ರವರೆಗಿನವು. ಆ ಕಾಲದ ನಂತರ ಕಟ್ಟಿದ ಅಣೆಕಟ್ಟುಗಳಾದರೆ ಮುಳುಗುವ ಮೊದಲಿನ ಊರು, ದಾರಿ, ಹೊಲದ ಬದುಗಳು ಕೂಡ ಕಾಣಬಹುದು. ಹಳೆಯ ಭೂನಕ್ಷೆ ಸಿಕ್ಕರಂತೂ ಇನ್ನೂ ಒಳ್ಳೆಯದು.

ನಕ್ಷೆಯಲ್ಲಿ ಮೂರು ಗುರುತು ಮಾಡಿ. ಹಳೇ ಹೊಳೆಯ ಪಾತ್ರ. ಹಳ್ಳ, ತೊರೆಗಳು ಬಂದು ಸೇರುವ ಬಾಯಿ. ಮುಳುಗಡೆಯಾದ ಊರಿನ ಜಾಗ. ಮೊದಲ ಎರಡರಿಂದ ದೂರ ಇರಬೇಕು. ಮೂರನೆಯದರ ಹತ್ತಿರ ತುಂಬ ಎಚ್ಚರದಿಂದ ಹೋಗಬೇಕು, ಯಾಕೆ ಅಂತ ಹಂತ 5ರಲ್ಲಿ ಹೇಳುತ್ತೇನೆ. ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಅಲ್ಲಿ ಸಿಗ್ನಲ್ ಸಿಗುತ್ತದೆ ಅಂತ ನಂಬಬೇಡಿ.

ಹಂತ 3: ಜೊತೆಗೆ ಬೇಕಾದದ್ದು

ಮೊದಲು ಬೇಕಾದದ್ದು ಇನ್ನೊಬ್ಬ ಮನುಷ್ಯ. ಒಬ್ಬರೇ ಹೋಗಬೇಡಿ, ಇದರಲ್ಲಿ ರಿಯಾಯಿತಿಯೇ ಇಲ್ಲ. ಮೂವರಾದರೆ ಉತ್ತಮ: ಒಬ್ಬರು ಸಿಕ್ಕಿಕೊಂಡರೆ ಒಬ್ಬರು ಜೊತೆಗಿರಬಹುದು, ಇನ್ನೊಬ್ಬರು ಸಹಾಯ ತರಬಹುದು. ಎಲ್ಲಿಗೆ ಹೋಗುತ್ತೀರಿ, ಎಷ್ಟು ಗಂಟೆಗೆ ವಾಪಸ್ಸು ಅಂತ ದಡದಲ್ಲಿರುವ ಯಾರಿಗಾದರೂ ಹೇಳಿ ಹೋಗಿ.

ಆಮೇಲೆ ಭುಜದೆತ್ತರದ ಗಟ್ಟಿ ಕೋಲು, ಒಬ್ಬೊಬ್ಬರಿಗೂ ಒಂದು. ಲೇಸು ಬಿಗಿದು ಕಟ್ಟುವ ಬೂಟು. ಸಡಿಲ ಗಮ್‌ಬೂಟು ಹಾಕಿಕೊಂಡು ಬರುವವರು ಜಾಸ್ತಿ. ಅದು ತಪ್ಪು ಆಯ್ಕೆ. ಕೆಸರು ಅದನ್ನು ಹಿಡಿದುಕೊಂಡರೆ ಕಾಲು ಮಾತ್ರ ಹೊರಬರುತ್ತದೆ, ಅಥವಾ ಅದರೊಳಗೆ ಕೆಸರು ತುಂಬಿ ಕಾಲೆತ್ತುವುದೇ ಕಷ್ಟವಾಗುತ್ತದೆ. ಬರಿಗಾಲಂತೂ ಬೇಡವೇ ಬೇಡ. ವರ್ಷಗಟ್ಟಲೆ ನೀರಿಗೆ ಬಿದ್ದ ಗಾಜು, ಮೀನಿನ ಗಾಳ, ತುಕ್ಕು ಹಿಡಿದ ತಂತಿ ಎಲ್ಲ ಹೂಳಿನೊಳಗೆ ಇರುತ್ತವೆ.

ಹತ್ತು ಹದಿನೈದು ಮೀಟರ್ ಹಗ್ಗ, ಸೀಟಿ, ಟೋಪಿ, ಧೂಳು ತಡೆಯುವ ಮಾಸ್ಕ್, ಬೇಕೆನಿಸುವುದಕ್ಕಿಂತ ಜಾಸ್ತಿ ಕುಡಿಯುವ ನೀರು, ಫೋಟೋದಲ್ಲಿ ಅಳತೆಗೆ ಇಡಲು ಒಂದು ಸಣ್ಣ ಸ್ಕೇಲು, ನೋಟ್‌ಬುಕ್ಕು, ಪೆನ್ಸಿಲ್ಲು. ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿರಲಿ. ಬೇಕಾದ ಕ್ಷಣ ಬ್ಯಾಗು ಕಳಚಿ ಬಿಸಾಡಲು ಬರಬೇಕು.

ಹಂತ 4: ಹೊತ್ತು, ಹವಾಮಾನ

ಬೆಳಿಗ್ಗೆ ಹೋಗಿ. ಕೆರೆಯಂಗಳದಲ್ಲಿ ನೆರಳಿಲ್ಲ, ತಿಳಿ ಬಣ್ಣದ ಒಣ ಹೂಳು ಬಿಸಿಲನ್ನು ಮುಖಕ್ಕೇ ಹಿಂತಿರುಗಿಸುತ್ತದೆ. ದೂರದ ಅಂದಾಜೂ ತಪ್ಪುತ್ತದೆ. ಗುರುತಿಗೆ ಮರ, ಮನೆ ಏನೂ ಇಲ್ಲದ ಬಯಲಿನಲ್ಲಿ ಎರಡು ಕಿ.ಮೀ. ದೂರದ ದಿಬ್ಬ ಪಕ್ಕದಲ್ಲೇ ಇದೆ ಅನ್ನಿಸುತ್ತದೆ.

ಗುಡುಗು ಕೇಳಿಸಿದರೆ ತಕ್ಷಣ ಹಿಂತಿರುಗಿ. ಆ ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ. ಮಂಜು ಕವಿದಿದ್ದರೆ ಇಳಿಯಲೇಬೇಡಿ.

ಗಾಳಿ ಜೋರಾಗಿದ್ದರೂ ಬೇಡ. ಒಣಗಿದ ಉಪ್ಪುನೀರಿನ ಸರೋವರಗಳ ಧೂಳು ಬರೀ ಮಣ್ಣಲ್ಲ. ಲಾಸ್ ಏಂಜಲೀಸ್ ನಗರಕ್ಕಾಗಿ 1913ರಿಂದ ನೀರು ತಿರುಗಿಸಿದ ಮೇಲೆ ಕ್ಯಾಲಿಫೋರ್ನಿಯಾದ ಓವೆನ್ಸ್ ಸರೋವರ ಒಣಗಿ, ಅಮೆರಿಕದ ಅತಿ ಕೆಟ್ಟ ಧೂಳಿನ ಮೂಲಗಳಲ್ಲಿ ಒಂದಾಯಿತು. ಅದರ ಧೂಳಿನಲ್ಲಿ ಆರ್ಸೆನಿಕ್ ಎಂಬ ವಿಷ ಇದೆ. ಮಧ್ಯ ಏಷ್ಯಾದ ಅರಾಲ್ ಸಮುದ್ರ ಎಂಬ ಉಪ್ಪುನೀರಿನ ಸರೋವರದ ಒಣ ತಳದಿಂದ ಏಳುವ ಧೂಳಿನಲ್ಲಿ ಉಪ್ಪಿನ ಜೊತೆ ಹತ್ತಿ ಹೊಲಗಳಿಂದ ಹರಿದು ಬಂದ ಕೀಟನಾಶಕವೂ ಇದೆ. ಸಿಹಿನೀರಿನ ಕೆರೆಯಾದರೂ ಸುತ್ತ ಕಾರ್ಖಾನೆ, ಗಣಿ, ಹೊಲಗಳಿದ್ದರೆ ಅವುಗಳಿಂದ ಹರಿದು ಬಂದದ್ದು ಹೂಳಿನಲ್ಲಿ ಕೂತಿರುತ್ತದೆ. ದಡದಲ್ಲಿ ಹಸಿರು ಬಣ್ಣ ಬಳಿದ ಹಾಗೆ ಒಣಗಿದ ಪಾಚಿ ಇದ್ದರೆ ಮುಟ್ಟಬೇಡಿ, ನಾಯಿಯನ್ನೂ ಹತ್ತಿರ ಬಿಡಬೇಡಿ. ಕೆಲವು ಪಾಚಿಗಳ ವಿಷ ಒಣಗಿದ ಮೇಲೂ ಉಳಿಯುತ್ತದೆ.

ಹಂತ 5: ನೆಲ ಓದುತ್ತಾ ಹೆಜ್ಜೆ ಇಡಿ

ದಡದಲ್ಲಿ ಐದು ನಿಮಿಷ ಸುಮ್ನೆ ನಿಂತು ನೋಡಿ. ಕೆರೆಯಂಗಳ ಒಂದೇ ಥರದ ನೆಲ ಅಲ್ಲ. ಬಣ್ಣ, ಹೊಳಪು, ಬಿರುಕು ಇವೇ ಒಳಗಿನ ಸ್ಥಿತಿ ಹೇಳುತ್ತವೆ.

ಅಲೆ ಬಡಿದು ತೊಳೆದ ಜಲ್ಲಿಕಲ್ಲಿನ ದಡ ಗಟ್ಟಿ. ದಪ್ಪ ಮರಳೂ ಸಾಮಾನ್ಯವಾಗಿ ಗಟ್ಟಿ. ಇವು ತೆರೆ ಜೋರಾಗಿ ಹೊಡೆಯುವ ಬದಿಯಲ್ಲಿ ಸಿಗುತ್ತವೆ, ಯಾಕೆಂದರೆ ಅಲ್ಲಿ ನುಣುಪು ಹೂಳು ನಿಲ್ಲುವುದಿಲ್ಲ. ಹೂಳು ಹೋಗಿ ಕೂರುವುದು ಅಲೆಯಿಲ್ಲದ ಮೂಲೆಗಳಲ್ಲಿ.

ಬಿರುಕು ಬಿಟ್ಟ ಹೂಳನ್ನು ಕಂಡ ತಕ್ಷಣ ಜನ 'ಒಣಗಿದೆ' ಅಂದುಕೊಳ್ಳುತ್ತಾರೆ. ಬಗ್ಗಿ ಬಿರುಕಿನೊಳಗೆ ನೋಡಿ. ನೀರು ಆರಿದಂತೆ ಜೇಡಿ ಕುಗ್ಗುತ್ತದೆ, ಕುಗ್ಗಿದಾಗ ಸೀಳುತ್ತದೆ. ಒಣಗುವುದು ಆಳಕ್ಕೆ ಹೋದಷ್ಟೂ ಬಿರುಕೂ ಆಳಕ್ಕೆ ಹೋಗುತ್ತದೆ. ಬಿರುಕು ಬೆರಳಿನಷ್ಟೇ ಆಳವಿದ್ದು ತಳದಲ್ಲಿ ತೇವ ಮಿನುಗುತ್ತಿದ್ದರೆ, ನೀವು ನಿಂತಿರುವುದು ಬೆರಳು ದಪ್ಪದ ಹೊದಿಕೆಯ ಮೇಲೆ. ಅಂಚುಗಳು ಸುರುಟಿಕೊಂಡು ಮೇಲಕ್ಕೆ ಎದ್ದಿದ್ದರೂ ಅಷ್ಟೇ, ಒಣಗಿರುವುದು ಮೇಲಿನ ತೆಳು ಪದರ ಮಾತ್ರ. ಒಂದು ಗೇಣಿಗಿಂತ ಆಳದ, ಒಳಗೂ ತಿಳಿ ಬಣ್ಣಕ್ಕೆ ತಿರುಗಿದ ಬಿರುಕು ಇದ್ದರೆ ನಂಬಬಹುದು. ಆದರೆ ಅಂಥ ಕಡೆ ಪಾದ ಸಿಕ್ಕಿ ಉಳುಕದಂತೆ ನೋಡಿಕೊಳ್ಳಿ.

ಕಪ್ಪಗೆ, ನುಣ್ಣಗೆ, ಬಿರುಕೇ ಇಲ್ಲದೆ ಹೊಳೆಯುವ ನೆಲಕ್ಕೆ ಕಾಲಿಡಲೇಬೇಡಿ. ಬಿಳಿ ಉಪ್ಪಿನ ಹೊದಿಕೆ ಇನ್ನೂ ಮೋಸ. ಅದು ಕೆಳಗಿನ ತೇವ ಆರದಂತೆ ಮುಚ್ಚಿಟ್ಟಿರುತ್ತದೆ. ಸುತ್ತ ಒಣಗಿದ್ದು ನಡುವೆ ಒಂದೇ ಕಡೆ ಒದ್ದೆ ಇದ್ದರೆ ಅಲ್ಲಿ ಕೆಳಗಿನಿಂದ ಒರತೆ ಮೇಲೇಳುತ್ತಿರಬಹುದು. ಮೇಲಕ್ಕೆ ನುಗ್ಗುವ ನೀರು ಮರಳಿನ ಕಣಗಳನ್ನು ಒಂದರಿಂದ ಒಂದು ಬಿಡಿಸಿ ಹುದುಲು ಮಾಡುತ್ತದೆ.

ಹಳ್ಳ ಸೇರುವ ಬಾಯಿಯಲ್ಲಿ ಹೂಳು ಎಲ್ಲಕ್ಕಿಂತ ದಪ್ಪ. ಹರಿವು ನಿಧಾನವಾದ ಕೂಡಲೇ ಹೊತ್ತು ತಂದ ಮಣ್ಣನ್ನೆಲ್ಲ ಹೊಳೆ ಅಲ್ಲೇ ಇಳಿಸುತ್ತದೆ. ಮೇಲೆ ಒಣಗಿ ಹುಲ್ಲು ಬಂದಿದ್ದರೂ ಒಳಗೆ ನೀರು ಹರಿಯುತ್ತಲೇ ಇರಬಹುದು. ಹುಲ್ಲು ಇದ್ದರೆ ನೆಲ ಹೊರಬಂದು ಕೆಲವು ವಾರಗಳಾಗಿವೆ ಅಂತ ಅರ್ಥ, ಭಾರ ತಡೆಯುತ್ತದೆ ಅಂತಲ್ಲ. ಹಕ್ಕಿಯ ಹೆಜ್ಜೆ ಗುರುತು ನೋಡಿ ಧೈರ್ಯ ಮಾಡಬೇಡಿ. ದೊಡ್ಡ ಪ್ರಾಣಿಯ ಗೊರಸು ಎಷ್ಟು ಆಳ ಇಳಿದಿದೆ ನೋಡಿ, ಅದು ನಿಜವಾದ ಸಾಕ್ಷಿ.

ಇನ್ನು ನಡೆಯುವ ಕ್ರಮ. ಮುಂದಿನ ಹೆಜ್ಜೆಯ ಜಾಗಕ್ಕೆ ಕೋಲು ಊರಿ ಮೈಭಾರ ಹಾಕಿ. ಕೋಲು ಒಂದು ಗೇಣಿಗಿಂತ ಆಳ ಇಳಿದರೆ ಅಲ್ಲಿಗೆ ನಿಲ್ಲಿ. ಆಗಾಗ ಹಿಮ್ಮಡಿಯಿಂದ ಗುದ್ದಿ ನೋಡಿ. ಸುತ್ತಲಿನ ನೆಲ ಅಲುಗಿದರೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ. ಒಬ್ಬರ ಹಿಂದೆ ಒಬ್ಬರು, ನಡುವೆ ಐದಾರು ಮೀಟರ್ ಅಂತರ. ಪಕ್ಕಪಕ್ಕದಲ್ಲಿ ಹರಟುತ್ತಾ ಹೋದರೆ ಇಬ್ಬರೂ ಒಟ್ಟಿಗೇ ಹೂತುಕೊಳ್ಳುತ್ತೀರಿ.

ನೀರಿನ ಅಂಚಿನವರೆಗೆ ಹೋಗಬೇಕು ಎನ್ನುವ ಆಸೆ ಎಲ್ಲರಿಗೂ ಇರುತ್ತದೆ. ಅದನ್ನು ಬಿಡಿ. ನೀರು ಹತ್ತಿರವಾದಷ್ಟೂ ನೆಲ ಹೊಸದು, ಮೆತ್ತಗೆ. ನೆಲದ ಬಣ್ಣ ತಿಳಿಯಿಂದ ಗಾಢಕ್ಕೆ ತಿರುಗುವ ಒಂದು ಗೆರೆ ಇರುತ್ತದೆ. ಅದೇ ನಿಮ್ಮ ಗಡಿ. ನೋಡಬೇಕಾದದ್ದು ಹೆಚ್ಚಿನದು ಗೆರೆಯ ಈಚೆಗೇ ಇರುತ್ತದೆ.

ಮುಳುಗಿದ್ದ ಊರಿನ ಜಾಗದಲ್ಲಿ ಅಪಾಯ ಬೇರೆ ಥರ. ಅಲ್ಲಿ ಬಾವಿಗಳಿರುತ್ತವೆ. ನೀರು ಬಂದಾಗ ಬಾವಿಗೆ ಹೂಳು ತುಂಬುತ್ತದೆ, ನೀರು ಹೋದಾಗ ಮೇಲ್ಭಾಗ ಒಣಗಿ ಮುಚ್ಚಳದ ಹಾಗೆ ನಿಲ್ಲುತ್ತದೆ, ಒಳಗೆ ಮೆತ್ತನೆಯ ಕೆಸರು. ದುಂಡಗಿನ ತಗ್ಗು, ದುಂಡಗಿನ ಕಲ್ಲಿನ ಸಾಲು, ಸುತ್ತಲಿಗಿಂತ ಬೇರೆ ಬಣ್ಣದ ದುಂಡು ಮಚ್ಚೆ ಕಂಡರೆ ಸುತ್ತು ಹಾಕಿ ಹೋಗಿ. ನಿಂತಿರುವ ಗೋಡೆಗಳಿಗೆ ಒರಗಬೇಡಿ, ಅವುಗಳ ಒಳಗೆ ಹೋಗಬೇಡಿ. ನೆನೆದು ಒಣಗಿ, ನೆನೆದು ಒಣಗಿ ಅವುಗಳ ಗಾರೆ ಸತ್ವ ಕಳೆದುಕೊಂಡಿರುತ್ತದೆ.

ಬೈಕು, ಕಾರು ಇಳಿಸಬೇಡಿ. ಹೂತುಹೋಗುವುದು ಒಂದು ಕಾರಣ. ಚಕ್ರದ ಗುರುತು ಒಣ ಹೂಳಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಮೇಲಿನ ಹೊದಿಕೆ ಒಡೆದರೆ ಧೂಳೂ ಏಳುತ್ತದೆ.

ಹಂತ 6: ಕಾಲು ಸಿಕ್ಕಿಕೊಂಡರೆ

ಸಿನಿಮಾದಲ್ಲಿ ತೋರಿಸುವ ಹಾಗೆ ಹುದುಲು ಮನುಷ್ಯನನ್ನು ತಲೆಯವರೆಗೆ ನುಂಗುವುದಿಲ್ಲ. ನಮ್ಮ ದೇಹದ ಸಾಂದ್ರತೆ ಹೆಚ್ಚೂಕಮ್ಮಿ ನೀರಿನಷ್ಟು. ಹುದುಲಿನದು ಅದರ ಎರಡರಷ್ಟು. ಹಾಗಾಗಿ ಸೊಂಟದ ಸುಮಾರಿಗೆ ನಿಂತುಬಿಡುತ್ತೇವೆ. ಜೀವ ತೆಗೆಯುವುದು ಮುಳುಗುವಿಕೆ ಅಲ್ಲ. ಬಿಸಿಲು, ಚಳಿ, ಏರುವ ನೀರು.

2005ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕ ಇದು: ಹುದುಲಿನಲ್ಲಿ ಸಿಕ್ಕ ಪಾದವನ್ನು ಸೆಕೆಂಡಿಗೆ ಒಂದು ಸೆಂಟಿಮೀಟರ್ ವೇಗದಲ್ಲಿ ಎಳೆಯಲು ಸುಮಾರು 10,000 ನ್ಯೂಟನ್ ಬಲ ಬೇಕು. ಅಂದರೆ ಒಂದು ಕಾರನ್ನು ಎತ್ತುವಷ್ಟು. ಕಾಲಿನ ಸುತ್ತ ಮರಳು ಗಟ್ಟಿಯಾಗಿ ಕೂತಿರುತ್ತದೆ, ಅದರೊಳಗೆ ಮತ್ತೆ ನೀರು ಹೋದರೆ ಮಾತ್ರ ಸಡಿಲವಾಗುತ್ತದೆ. ಆದ್ದರಿಂದ ಜಗ್ಗಾಡಬೇಡಿ. ಹೀಗೆ ಮಾಡಿ:

1. ಬ್ಯಾಗು ಕಳಚಿ ಬಿಸಾಡಿ. ಸೀಟಿ ಊದಿ.
2. ಹಿಂದಕ್ಕೆ ಒರಗಿ, ಕುಳಿತುಕೊಳ್ಳಿ ಅಥವಾ ಮಲಗಿ. ಭಾರ ಅಗಲವಾಗಿ ಹರಡಿದರೆ ಮತ್ತಷ್ಟು ಹೂತುಕೊಳ್ಳುವುದು ನಿಲ್ಲುತ್ತದೆ.
3. ಒಂದೇ ಕಾಲನ್ನು ಸಣ್ಣಗೆ, ಸುತ್ತಲೂ ಅಲುಗಿಸಿ. ಪಕ್ಕದಲ್ಲಿ ನೀರು ಇಳಿಯಲು ಜಾಗವಾಗುತ್ತದೆ. ಕೈಯಿಂದ ಕೆಸರು ತೋಡಿ, ಕುಡಿಯುವ ನೀರಿದ್ದರೆ ಕಾಲಿನ ಪಕ್ಕಕ್ಕೆ ಸುರಿಯಿರಿ.
4. ಬೂಟು ಬರದಿದ್ದರೆ ಲೇಸು ಬಿಚ್ಚಿ ಅದನ್ನು ಅಲ್ಲೇ ಬಿಡಿ.
5. ಹೊರಬಂದ ಮೇಲೆ ಎದ್ದು ನಿಲ್ಲಬೇಡಿ. ಉರುಳಿ ಅಥವಾ ತೆವಳಿಕೊಂಡು, ಬಂದ ದಿಕ್ಕಿಗೇ ಹೋಗಿ.

ಜೊತೆಗಿದ್ದವರು ಓಡಿ ಬಂದು ಕೈ ಹಿಡಿಯಬಾರದು. ಗಟ್ಟಿ ನೆಲದಲ್ಲಿ ನಿಂತು ಹಗ್ಗ ಎಸೆಯಬೇಕು, ಅದೂ ಸಿಕ್ಕಿಕೊಂಡವರು ಆಧಾರಕ್ಕೆ ಹಿಡಿದುಕೊಳ್ಳಲಿ ಅಂತ. ಹಗ್ಗವನ್ನು ವಾಹನಕ್ಕೆ ಕಟ್ಟಿ ಎಳೆದರೆ ಕೀಲು ತಪ್ಪಬಹುದು. ಅರ್ಧ ಗಂಟೆ ಪ್ರಯತ್ನಿಸಿದರೂ ಆಗದಿದ್ದರೆ, ಅಥವಾ ಸಿಕ್ಕಿಕೊಂಡ ಆಳ ಮಂಡಿಗಿಂತ ಮೇಲಿದ್ದರೆ, ರಕ್ಷಣಾ ಸಿಬ್ಬಂದಿಯನ್ನು ಕರೆಯಿರಿ. ನೀರು ಏರುತ್ತಿದ್ದರೆ ಕಾಯದೆ ಮೊದಲೇ ಕರೆಯಿರಿ.

ಹಂತ 7: ಏನನ್ನು ನೋಡಬೇಕು?

ಇಷ್ಟೆಲ್ಲ ಎಚ್ಚರಿಕೆ ಹೇಳಿದ ಮೇಲೆ, ಯಾಕಾದರೂ ಹೋಗಬೇಕು ಅನ್ನಿಸಬಹುದು. ಹೋಗಬೇಕು. ಬೇರೆಲ್ಲೂ ಕಾಣದ್ದು ಅಲ್ಲಿ ಕಾಣುತ್ತದೆ.

ಮೊದಲು ಸುತ್ತಲಿನ ದಂಡೆ ನೋಡಿ. ನೀರು ಒಂದೊಂದು ಮಟ್ಟದಲ್ಲಿ ತುಂಬ ದಿನ ನಿಂತಾಗ ಅಲೆಗಳು ಅಲ್ಲೊಂದು ಮೆಟ್ಟಿಲು ಕೊರೆಯುತ್ತವೆ. ಮೇಲಿನಿಂದ ಕೆಳಗೆ ಆ ಮೆಟ್ಟಿಲುಗಳನ್ನು ಎಣಿಸಿದರೆ ಕೆರೆ ಹೇಗೆ ಹಂತ ಹಂತವಾಗಿ ಇಳಿಯಿತು ಅಂತ ಗೊತ್ತಾಗುತ್ತದೆ. ಬಂಡೆಗಳಿದ್ದ ಕಡೆ ಬಿಳಿ ಪಟ್ಟೆ ಇರಬಹುದು. ಅದು ನೀರಿನಲ್ಲಿದ್ದ ಸುಣ್ಣದ ಅಂಶ ಬಂಡೆಗೆ ಅಂಟಿ ಉಳಿದದ್ದು. ಅಮೆರಿಕದ ಮೀಡ್ ಸರೋವರದ ಬಿಳಿ ಪಟ್ಟೆ ಜಗತ್ತಿಗೇ ಗೊತ್ತು. 2022ರ ಜುಲೈನಲ್ಲಿ ಅದರ ಮಟ್ಟ ಸಮುದ್ರಮಟ್ಟದಿಂದ ಸುಮಾರು 1,040 ಅಡಿಗೆ ಇಳಿಯಿತು. 1930ರ ದಶಕದಲ್ಲಿ ಆ ಜಲಾಶಯ ತುಂಬತೊಡಗಿದ ಕಾಲದ ನಂತರ ಅಷ್ಟು ಕೆಳಗೆ ಇಳಿದಿರಲಿಲ್ಲ.

ಮರದ ಬುಡಗಳು ಕಂಡರೆ ಬೇರು ನೋಡಿ. ಬೇರು ನೆಲದಲ್ಲಿ ಹರಡಿ ಹಿಡಿದುಕೊಂಡಿದ್ದರೆ ಆ ಮರ ತೇಲಿ ಬಂದದ್ದಲ್ಲ, ಅಲ್ಲೇ ಬೆಳೆದದ್ದು. ಅಂದರೆ ಒಂದು ಕಾಲಕ್ಕೆ ಅಲ್ಲಿ ನೀರಿರಲಿಲ್ಲ. ಕ್ಯಾಲಿಫೋರ್ನಿಯಾದ ಮೋನೋ ಸರೋವರ ಇಳಿದಾಗ ಕಂಡ ಇಂಥ ಬುಡಗಳಿಂದಲೇ, ಮಧ್ಯಯುಗದಲ್ಲಿ ಅಲ್ಲಿ ದಶಕಗಟ್ಟಲೆ ಬರ ಬಂದಿತ್ತು ಎನ್ನುವುದಕ್ಕೆ ಪುರಾವೆ ಸಿಕ್ಕಿತು. ಆ ಬುಡಗಳನ್ನು ಯಾರಾದರೂ ಉರುವಲಿಗೆ ಒಯ್ದಿದ್ದರೆ ಆ ಪುರಾವೆ ಬೂದಿಯಾಗುತ್ತಿತ್ತು.

ಹೂಳಿನ ಮೇಲ್ಮೈಯನ್ನೂ ಬಗ್ಗಿ ನೋಡಿ. ಅಲೆಯ ಗೆರೆಗಳು, ಮಳೆಹನಿಯ ಗುಳಿಗಳು, ಕಪ್ಪೆಚಿಪ್ಪಿನ ಜೀವಿ ನೀರನ್ನು ಹಿಂಬಾಲಿಸಿ ತೆವಳಿದ ಜಾಡು. ಜಾಡಿನ ಕೊನೆಯಲ್ಲಿ ಚಿಪ್ಪು ಮುಚ್ಚಿದ್ದರೆ ಜೀವ ಇರಬಹುದು, ಮುಟ್ಟಬೇಡಿ. ಬೋಳು ನೆಲದಲ್ಲೇ ಮೊಟ್ಟೆ ಇಡುವ ರೀವ, ಟಿಟ್ಟಿಭದಂಥ ಹಕ್ಕಿಗಳಿವೆ. ಮೊಟ್ಟೆ ಕಲ್ಲಿನ ಬಣ್ಣದಲ್ಲೇ ಇರುವುದರಿಂದ ಕಾಲಡಿಗೆ ಬಂದರೂ ತಿಳಿಯುವುದಿಲ್ಲ. ಹಕ್ಕಿ ಕೂಗುತ್ತಾ ನಿಮ್ಮ ತಲೆ ಮೇಲೆ ಸುತ್ತತೊಡಗಿದರೆ ಗೂಡು ಹತ್ತಿರದಲ್ಲಿದೆ ಅಂತ ತಿಳಿದು ಬೇರೆ ಕಡೆ ತಿರುಗಿ. ಮೊಸಳೆ ಇರುವ ಪ್ರದೇಶವಾದರೆ ಉಳಿದ ಗುಂಡಿಗಳ ಹತ್ತಿರ ಸುಳಿಯಬೇಡಿ. ನೀರು ಕಮ್ಮಿಯಾದಾಗ ಅವೆಲ್ಲ ಅಲ್ಲೇ ಸೇರಿರುತ್ತವೆ.

ಇನ್ನು ಮನುಷ್ಯರ ಗುರುತುಗಳು. ಸ್ಪೇನಿನ ಅಸೆರೆಡೊ ಎಂಬ ಹಳ್ಳಿ 1992ರಲ್ಲಿ ಜಲಾಶಯದಲ್ಲಿ ಮುಳುಗಿತ್ತು. 2022ರ ಆರಂಭದಲ್ಲಿ ನೀರಿಳಿದಾಗ ಮನೆಗಳ ಗೋಡೆಗಳು ಹಾಗೇ ನಿಂತಿದ್ದವು. ಅಲ್ಲಿ ಬಾಳಿದವರು ಇನ್ನೂ ಬದುಕಿದ್ದಾರೆ. ಇಂಥ ಕಡೆ ಹೋಗುವಾಗ ಬೇರೆಯವರ ಮನೆಯೊಳಗೆ ಕಾಲಿಡುತ್ತಿದ್ದೇವೆ ಅಂತ ನೆನಪಿಟ್ಟುಕೊಳ್ಳಿ. ಹೊಸ್ತಿಲ ಮೇಲೆ ನಿಂತು ರೀಲ್ಸ್ ಮಾಡುವುದು ಸರಿಯಲ್ಲ, ಅಲ್ವಾ?

ಹಂತ 8: ಏನಾದರೂ ಸಿಕ್ಕರೆ

ಜಾಸ್ತಿ ತಪ್ಪುಗಳಾಗುವುದು ಇಲ್ಲಿ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

1853–54ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರದ ನೀರು ತುಂಬ ಇಳಿದಾಗ ಓಬರ್‌ಮೈಲೆನ್ ಎಂಬಲ್ಲಿ ಮರದ ಕಂಬಗಳು ಕಾಣಿಸಿದವು. ಬಿಡಿ ಕಂಬ ನೋಡಿದರೆ ಅದು ಬರೀ ಹಳೇ ಮರ. ಎಲ್ಲ ಕಂಬಗಳು ಇದ್ದಲ್ಲೇ ಇದ್ದವು, ಅವುಗಳ ನಡುವೆ ಕಲ್ಲಿನ ಹತ್ಯಾರು, ಮಡಕೆ ಚೂರುಗಳಿದ್ದವು. ಅದರಿಂದಲೇ ಅಲ್ಲಿನ ಪುರಾತತ್ವಜ್ಞ ಫರ್ಡಿನಾಂಡ್ ಕೆಲ್ಲರ್ ಇದು ಇತಿಹಾಸಪೂರ್ವ ಕಾಲದ ಜನವಸತಿ ಎಂದು ಗುರುತಿಸಿದರು. ಆಲ್ಪ್ಸ್ ಸುತ್ತಲಿನ ಇಂಥ 111 ನೆಲೆಗಳು 2011ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಒಂದು ವಸ್ತು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತು ಎನ್ನುವುದೇ ಅದರ ಅರ್ಧ ಕಥೆ. ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡ ಕ್ಷಣ ಆ ಅರ್ಧ ಹೋಯಿತು. ಆಮೇಲೆ ಮ್ಯೂಸಿಯಮ್ಮಿಗೆ ಕೊಟ್ಟರೂ ಅದು ವಾಪಸ್ಸು ಬರುವುದಿಲ್ಲ.

ಮರದ ವಸ್ತುವಾದರೆ ಇನ್ನೂ ಸೂಕ್ಷ್ಮ. ಶತಮಾನಗಳ ಕಾಲ ಕೆಸರಿನಲ್ಲಿ ನೆನೆದ ಮರದ ಒಳಗೆ ಆಕಾರ ಹಿಡಿದು ನಿಲ್ಲಿಸಿರುವುದೇ ನೀರು. ಒಣಗಿದರೆ ಕುಗ್ಗಿ ಸೀಳಿ ಪುಡಿಯಾಗುತ್ತದೆ. 1986ರಲ್ಲಿ ಬರದಿಂದ ಇಸ್ರೇಲಿನ ಗಲಿಲೀ ಸರೋವರ ಇಳಿದಾಗ ಇಬ್ಬರು ಮೀನುಗಾರ ಸಹೋದರರಿಗೆ ಕೆಸರಿನಲ್ಲಿ ಒಂದು ದೋಣಿಯ ಅಂಚು ಕಂಡಿತು. ಅವರು ಅಗೆದು ತೆಗೆಯಲಿಲ್ಲ, ಸಂಬಂಧಪಟ್ಟವರಿಗೆ ತಿಳಿಸಿದರು. ತಜ್ಞರು ಮರವನ್ನು ಒದ್ದೆಯಾಗಿಯೇ ಇಟ್ಟು, ಫೋಮಿನಲ್ಲಿ ಸುತ್ತಿ, ನೀರಿನ ಮೇಲೆ ತೇಲಿಸಿ ದಡಕ್ಕೆ ತಂದರು. ಆಮೇಲೆ ವರ್ಷಗಟ್ಟಲೆ ಮೇಣದಂಥ ರಾಸಾಯನಿಕದ ದ್ರಾವಣದಲ್ಲಿ ಮುಳುಗಿಸಿಟ್ಟರು. ಎಂಟು ಮೀಟರಿಗೂ ಉದ್ದದ, ಸುಮಾರು ಎರಡು ಸಾವಿರ ವರ್ಷ ಹಳೆಯ ಆ ದೋಣಿಯನ್ನು ಇವತ್ತು ನೋಡಬಹುದು. ಆ ಸಹೋದರರು ಅವತ್ತು ಸರಿಯಾದದ್ದನ್ನು ಮಾಡಿದ್ದರಿಂದ.

ನೀವು ಮಾಡಬೇಕಾದದ್ದು ಇಷ್ಟು. ಮುಟ್ಟದೆ ಮೂರು ಬಗೆಯ ಫೋಟೋ ತೆಗೆಯಿರಿ: ದೂರದಿಂದ ದಡ, ಬೆಟ್ಟ ಕಾಣುವಂತೆ, ನಾಲ್ಕೈದು ಹೆಜ್ಜೆ ದೂರದಿಂದ ಸುತ್ತಲಿನ ನೆಲ ಕಾಣುವಂತೆ, ಹತ್ತಿರದಿಂದ, ಪಕ್ಕದಲ್ಲಿ ಸ್ಕೇಲು ಇಟ್ಟು. ಫೋನಿನ ಜಿಪಿಎಸ್ ಕೊಡುವ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಎಷ್ಟು ಭಾಗ ಹೊರಗಿದೆ, ಎಷ್ಟು ಹೂತಿದೆ, ನೀರಿನ ಅಂಚಿನಿಂದ ಎಷ್ಟು ದೂರ ಎನ್ನುವುದನ್ನು ಅಲ್ಲೇ ಬರೆಯಿರಿ. ತೊಳೆಯಬೇಡಿ, ಕೆದಕಬೇಡಿ, ನೇರವಾಗಿ ನಿಲ್ಲಿಸಬೇಡಿ. ಜಾಗ ಗೊತ್ತಾಗುವ ಫೋಟೋವನ್ನು ಸಾಮಾಜಿಕ ಜಾಲತಾಣಕ್ಕೆ ಹಾಕಬೇಡಿ. ಹಾಕಿದರೆ ಮಾರನೇ ದಿನ ಗುದ್ದಲಿ ಹಿಡಿದವರು ಅಲ್ಲಿರುತ್ತಾರೆ.

'ನಾನು ಬಿಟ್ಟರೆ ಇನ್ಯಾರೋ ಒಯ್ಯುತ್ತಾರಲ್ಲ' ಎಂದು ಕೇಳುವವರಿದ್ದಾರೆ. ಇನ್ಯಾರೋ ಒಯ್ಯುವ ಮೊದಲು ತಿಳಿಸಬೇಕಾದವರಿಗೆ ತಿಳಿಸುವುದೇ ಅದಕ್ಕೆ ಉತ್ತರ. ನೀವೇ ಆ ಇನ್ಯಾರೋ ಆಗುವುದಲ್ಲ. ಮೆಟಲ್ ಡಿಟೆಕ್ಟರ್ ಒಯ್ಯಬೇಡಿ, ಎಷ್ಟೋ ದೇಶಗಳಲ್ಲಿ ಅನುಮತಿಯಿಲ್ಲದೆ ಅದನ್ನು ಬಳಸುವುದೇ ಅಪರಾಧ. ಅಮೆರಿಕದ 1979ರ ಕಾನೂನಿನ ಪ್ರಕಾರ ಅಲ್ಲಿನ ಕೇಂದ್ರ ಸರ್ಕಾರದ ಜಮೀನಿನಲ್ಲಿರುವ 100 ವರ್ಷ ದಾಟಿದ ಪುರಾತತ್ವ ವಸ್ತುಗಳನ್ನು ಪರವಾನಗಿ ಇಲ್ಲದೆ ತೆಗೆಯುವಂತಿಲ್ಲ. ನೀವಿರುವ ಕಡೆಯ ಕಾನೂನನ್ನು ಹೊರಡುವ ಮೊದಲೇ ಓದಿಕೊಳ್ಳಿ.

ಹಂತ 9: ಕಂಡ ತಕ್ಷಣ ಹಿಂದೆ ಸರಿಯಬೇಕಾದವು

ಸಿಲಿಂಡರ್ ಆಕಾರದ ತುಕ್ಕು ಹಿಡಿದ ಲೋಹ, ಮುಚ್ಚಿದ ಡ್ರಮ್ಮು, ಮೂಳೆ. ಮೂರಕ್ಕೂ ಒಂದೇ ನಿಯಮ: ನಿಲ್ಲಿ, ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಿ, ಪೊಲೀಸರಿಗೆ ತಿಳಿಸಿ. 2022ರ ಬರದಲ್ಲಿ ಇಟಲಿಯ ಪೋ ನದಿ ಬತ್ತಿದಾಗ ಎರಡನೇ ಮಹಾಯುದ್ಧದ 450 ಕಿಲೋ ತೂಕದ ಬಾಂಬು ಮೀನುಗಾರರಿಗೆ ಸಿಕ್ಕಿತು. ಸುಮಾರು 3,000 ಜನರನ್ನು ಬೇರೆಡೆಗೆ ಕಳಿಸಿ ಅದನ್ನು ನಿಷ್ಕ್ರಿಯ ಮಾಡಬೇಕಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಮೀಡ್ ಸರೋವರದ ಕೆಸರಿನಲ್ಲಿ ಕಂಡ ಒಂದು ಡ್ರಮ್ಮಿನೊಳಗೆ ಮನುಷ್ಯನ ಅವಶೇಷ ಇತ್ತು. ಅದು ಹಳೆಯ ಕೊಲೆಯ ಸಾಕ್ಷಿ ಎಂದು ಪೊಲೀಸರು ತನಿಖೆ ಶುರು ಮಾಡಿದರು.

ಹಂತ 10: ಹಿಂತಿರುಗಿದ ಮೇಲೆ

ಬೂಟು, ಕೋಲು, ಹಗ್ಗದ ಕೆಸರನ್ನು ಅಲ್ಲೇ ಕೆರೆದು ತೆಗೆದು, ತೊಳೆದು, ಪೂರ್ತಿ ಒಣಗಿಸಿ. ಒದ್ದೆ ಕೆಸರಿನ ಜೊತೆ ಹೊರಗಿನ ಜೀವಿಗಳು ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುತ್ತವೆ. ಮೀಡ್ ಸರೋವರದಲ್ಲಿ 2007ರಲ್ಲಿ ಮೊದಲ ಸಲ ಕಂಡ ಕ್ವಾಗ್ಗಾ ಎಂಬ ಸಣ್ಣ ಚಿಪ್ಪುಜೀವಿ ಇವತ್ತು ಅಲ್ಲಿನ ಪೈಪು, ಗೇಟುಗಳಿಗೆಲ್ಲ ಅಂಟಿಕೊಂಡು ಕೂತಿದೆ. ಚರ್ಮ ಕೊಯ್ದಿದ್ದರೆ ಸೋಪು ಹಾಕಿ ತೊಳೆದು ವೈದ್ಯರಿಗೆ ತೋರಿಸಿ, ಟೆಟನಸ್ ಚುಚ್ಚುಮದ್ದು ಬೇಕೋ ಎಂದು ಕೇಳಿ.

ಹಳೆಯದು ಏನಾದರೂ ಕಂಡಿದ್ದರೆ ಅವತ್ತೇ ಪುರಾತತ್ವ ಇಲಾಖೆಗೆ ಅಥವಾ ಹತ್ತಿರದ ಮ್ಯೂಸಿಯಮ್ಮಿಗೆ ಬರೆಯಿರಿ. ಫೋಟೋಗಳು, ಜಾಗದ ಅಕ್ಷಾಂಶ ರೇಖಾಂಶ, ದಿನಾಂಕ, ಅವತ್ತಿನ ನೀರಿನ ಮಟ್ಟ ಇಷ್ಟಿದ್ದರೆ ಸಾಕು. ಅದು ಏನು, ಯಾವ ಕಾಲದ್ದು ಅಂತ ನೀವು ಊಹಿಸಬೇಕಿಲ್ಲ. ಮುಂದಿನ ವಾರ ನೋಡೋಣ ಅಂತ ಮಾತ್ರ ಬಿಡಬೇಡಿ. ಇರಾಕಿನ ಮೊಸುಲ್ ಜಲಾಶಯದಲ್ಲಿ 2022ರ ಜನವರಿ, ಫೆಬ್ರವರಿಯಲ್ಲಿ ಸುಮಾರು 3,400 ವರ್ಷ ಹಳೆಯ ನಗರವೊಂದು ಹೊರಬಂದಾಗ ಜರ್ಮನ್ ಮತ್ತು ಕುರ್ದಿಶ್ ಪುರಾತತ್ವಜ್ಞರಿಗೆ ಸಿಕ್ಕಿದ್ದು ಕೆಲವೇ ವಾರಗಳು. ಅಷ್ಟರಲ್ಲಿ ನಗರದ ಹೆಚ್ಚಿನ ಭಾಗದ ನಕ್ಷೆ ಮಾಡಿದರು. ಐದು ಮಡಕೆಗಳಲ್ಲಿದ್ದ ನೂರಕ್ಕೂ ಹೆಚ್ಚು ಮಣ್ಣಿನ ಹಲಗೆ ಬರಹಗಳನ್ನು ಹೊರತೆಗೆದರು. ಗೋಡೆಗಳಿಗೆ ಪ್ಲಾಸ್ಟಿಕ್ ಹೊದಿಸಿ ಜಲ್ಲಿ ಮುಚ್ಚಿದರು. ಆಮೇಲೆ ನೀರು ಏರಿ ಎಲ್ಲ ಮತ್ತೆ ಮುಳುಗಿತು. ನೀವು ಕಂಡದ್ದಕ್ಕೂ ಸಿಗುವ ಅವಧಿ ಅಷ್ಟೇ ಚಿಕ್ಕದು. ಇಮೇಲ್ ಕಳಿಸಿ ಎರಡು ದಿನದಲ್ಲಿ ಉತ್ತರ ಬರದಿದ್ದರೆ ಫೋನ್ ಮಾಡಿ.